ಬೇಸಿಗೆ ಇಲ್ಲದ ಕೆರೆ

ಐವತ್ತರ ದಶಕದಲ್ಲಿ ರಾಜ್ಯಗಳು ಒಂದಾದಾಗ ಮೈಸೂರಿಗೆ ಒಂದು ಸಮುದ್ರ ಬಂತು. ಅದುವರೆಗೆ ನಮ್ಮ ಇಲಾಖೆಗೆ ನೀರು ಎಂದರೆ ಕೆರೆ, ಕಾಲುವೆ, ಅಣೆಕಟ್ಟು. ಇದ್ದಕ್ಕಿದ್ದಂತೆ ಅಳಿವೆಗಳೂ ನಮ್ಮ ಪಾಲಿಗೆ ಬಂದವು. ನದಿ ಸಮುದ್ರ ಸೇರುವ ಬಾಯಿಗೆ ಕರಾವಳಿಯವರು ಅಳಿವೆ ಎನ್ನುತ್ತಾರೆ. ಅದು ಒಂದು ಕಡೆ ನಿಲ್ಲುವ ಜಾಯಮಾನದ್ದಲ್ಲ. ಈ ವರ್ಷ ಇಲ್ಲಿದ್ದ ಬಾಯಿ ಹತ್ತು ವರ್ಷಕ್ಕೆ ಅತ್ತ ಸರಿದಿರುತ್ತದೆ, ಮರಳಿನ ದಿಬ್ಬವೊಂದು ತಲೆ ಎತ್ತಿರುತ್ತದೆ, ಒಳಗಿನ ಹಿನ್ನೀರಿನಲ್ಲಿ ಹೂಳು ತುಂಬಿ ದೋಣಿ ನಡೆಯದಂತಾಗಿರುತ್ತದೆ. ಇನ್ನು ಮೂವತ್ತು ವರ್ಷಕ್ಕೆ ಅದರ ಆಕಾರ ಏನಾದೀತು ಎಂದು ಮೊದಲೇ ತಿಳಿಯಲು ಆಗ ನಮಗಿದ್ದ ದಾರಿ, ಅಳಿವೆಯನ್ನೇ ಚಿಕ್ಕದಾಗಿ ಗಾರೆಯಲ್ಲಿ ಕಟ್ಟಿ, ನೀರು ಹರಿಸಿ ನೋಡುವುದು. ಅಂಥ ಕೆಲಸ ನಡೆಯುವ ಕಡೆ ನಾನು ಎರಡು ವರ್ಷ ಓವರ್ಸಿಯರ್ ಆಗಿದ್ದೆ. ಒಂದು ಹಲಗೆಯನ್ನು ಎತ್ತಿ ಇಳಿಸಿ ಭರತ ಇಳಿತ ತರುವುದು ನನ್ನ ಕೆಲಸ. ಅಲ್ಲಿ ಚಂದ್ರನ ಡ್ಯೂಟಿ ನನ್ನದು ಎಂದು ಗೆಳೆಯರ ಹತ್ತಿರ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಆಮೇಲೆ ಮಧುಗಿರಿಗೆ ವರ್ಗವಾಯಿತು. ಸಮುದ್ರದ ಗಾಳಿ ಕನಸಿನಲ್ಲೂ ಬೀಸದ ಊರು. ನಾನು ಹುಟ್ಟಿ ಬೆಳೆದದ್ದು ಪೇಟೆಯಲ್ಲಿ, ಕಲಿತದ್ದು ಅಳಿವೆ. ಬಂಡೆ, ಬಿಸಿಲು, ರಾಗಿ ಹೊಲಗಳ ನಡುವೆ ಈ ವಿದ್ಯೆಯನ್ನು ಯಾರಿಗೆ ತೋರಿಸಲಿ ಎಂದು ಮೊದಲ ಆರು ತಿಂಗಳು ಮುಖ ಊದಿಸಿಕೊಂಡೇ ಓಡಾಡಿದೆ. ಸೈಕಲ್ಲಿನಲ್ಲಿ ಹೋಗುವಾಗ ಕರಿಮಣ್ಣು ತುಂಬಿದ ಗಾಡಿಗಳು ಸಾಲಾಗಿ ಅಡ್ಡ ಬಂದರೆ ಗಾಡಿ ಹೊಡೆಯುವವರ ಮೇಲೆ ರೇಗುತ್ತಿದ್ದೆ. ಆ ಮಣ್ಣು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಒಂದು ಸಲವೂ ಕೇಳಲಿಲ್ಲ. ಈ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ನೆನಪಿಟ್ಟುಕೊಂಡಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲ.

ನನ್ನ ಮೇಲಿನ ಎಂಜಿನಿಯರರು ಒಂದು ದಿನ ಕರೆದು, "ಏನ್ರೀ, ಅಳಿವೆ ಕಟ್ಟಿದವರಿಗೆ ಕೆರೆ ಕಟ್ಟೋದು ಕಷ್ಟವೇನ್ರೀ?" ಎಂದರು. ಕೊರಟಗೆರೆ ತಾಲ್ಲೂಕಿನಲ್ಲಿ, ಹೊಳವನಹಳ್ಳಿಯಿಂದ ಮೂರು ಮೈಲಿಯೊಳಗೆ ಒಂದು ಹಳೆಯ ಕೆರೆ. ಅದಕ್ಕೆ ಎರಡು ತೂಬು. ಒಂದು ಎತ್ತರದಲ್ಲಿರುವ ಮೇಲಿನ ತೂಬು. ಇನ್ನೊಂದು ಏರಿಯ ನಡುಮಧ್ಯದ, ಕೆರೆಯ ತಳದ ನೀರನ್ನೂ ಹೊರಗೆ ಬಿಡುವ ತಗ್ಗಿನ ತೂಬು. ತಗ್ಗಿನ ತೂಬು ಶಿಥಿಲವಾಗಿತ್ತು. ಅದನ್ನು ರಿಪೇರಿ ಮಾಡಬೇಕೋ, ಕಲ್ಲು ಗಾರೆ ಹಾಕಿ ಶಾಶ್ವತವಾಗಿ ಮುಚ್ಚಬೇಕೋ ಎನ್ನುವುದು ಪ್ರಶ್ನೆ. ಕೆರೆಗೆ ನೀರು ತರುವ ಹಳ್ಳ ಅದರ ಜೊತೆಗೆ ಹೂಳನ್ನೂ ತರುತ್ತದೆ. ಇನ್ನು ಇಪ್ಪತ್ತು ವರ್ಷಕ್ಕೆ ಹೂಳು ಬಂದು ತೂಬಿನ ಬಾಯಿ ಮುಚ್ಚುವುದಾದರೆ ಈಗ ರಿಪೇರಿ ದಂಡ. ಹಳ್ಳ ಕೆರೆಗೆ ಬೀಳುವ ಜಾಗವೂ ಒಂದು ಪುಟ್ಟ ಅಳಿವೆಯೇ ಎಂದು ನನಗೆ ಹೊಳೆಯಿತು. ಅಂದಿನಿಂದ ಮುಖದ ಊತ ಇಳಿಯಿತು.

ಕೋಡಿ ಹರಿದು ಕೆರೆ ತುಂಬಿದ್ದಾಗ ಆಳ ಅಳೆಯಲು ಹೋದೆ. ತೆಪ್ಪ ನಡೆಸಿದ್ದು ಆ ಕೆರೆಯ ನೀರುಗಂಟಿ. ಐವತ್ತರ ಆಸುಪಾಸಿನವರು. ತೂಬು ತೆಗೆಯುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವುದು ತಾತನ ಕಾಲದಿಂದ ಅವರ ಮನೆತನದ ಕೆಲಸ. ಅದಕ್ಕಾಗಿ ಮಾನ್ಯವೆಂದು ಬಿಟ್ಟುಕೊಟ್ಟಿದ್ದ ಒಂದು ತುಂಡು ಗದ್ದೆ ತಗ್ಗಿನ ತೂಬಿನ ಕಾಲುವೆಯ ಕಟ್ಟಕಡೆಯಲ್ಲಿತ್ತು. ಈಗ ಅವರನ್ನು ಬಹುವಚನದಲ್ಲಿ ಬರೆಯುತ್ತಿದ್ದೇನೆ. ಆಗ ನನಗೆ ಇಪ್ಪತ್ತಾರು, ಅವರನ್ನು ನೀನು ತಾನು ಎಂದೇ ಕರೆಯುತ್ತಿದ್ದೆ. ಎಲ್ಲರೂ ಹಾಗೇ ಕರೆಯುತ್ತಿದ್ದರು ಎನ್ನುವುದು ನೆಪ.

ತಗ್ಗಿನ ತೂಬಿನ ಮುಂದೆ ತೆಪ್ಪ ನಿಲ್ಲಿಸಿ ಅವರು, "ಇಲ್ಲಿ ಗುಂಡಿ ಸೋಮಿ, ನಿಮ್ ಬೊಂಬು ಸಾಲಾಕಿಲ್ಲ" ಎಂದರು. ಅಡಿಗಳ ಗುರುತು ಹಾಕಿದ ನನ್ನ ಬೊಂಬು ನಿಜವಾಗಿಯೂ ಸಾಲಲಿಲ್ಲ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ ಆಳ ಬರೆದುಕೊಂಡೆ. ಇಡೀ ಕೆರೆಯ ತಳ ಸಮವಾಗಿರುವಾಗ ಇಲ್ಲಿ ಮಾತ್ರ ಗುಂಡಿ ಯಾಕೆ ಎಂದು ಕೇಳಲಿಲ್ಲ.

ಮಧುಗಿರಿಯಲ್ಲಿ ಒಂದು ಮನೆಯ ದೊಡ್ಡ ಹಿತ್ತಲನ್ನು ಬಾಡಿಗೆಗೆ ಹಿಡಿದು ಕೆರೆ ಕಟ್ಟಿದೆವು. ಗಾರೆ ಕೆಲಸಕ್ಕೆ ಶಿರಾದಿಂದ ಒಬ್ಬ ಮೇಸ್ತ್ರಿ ಬಂದರು. ಮಸೀದಿಯ ಮಿನಾರಿಗೆ ಗಾರೆ ಮಾಡಿದ ಕೈ. ಸುಣ್ಣವನ್ನು ವಾರಗಟ್ಟಲೆ ಅರೆಸಿ, ಉಗುರಿನಲ್ಲಿ ಕೆರೆದು ನೋಡಿ, ಆಮೇಲೆಯೇ ಕರಣೆ ಮುಟ್ಟುವ ಮನುಷ್ಯ. ಇಂಥ ಮಾದರಿಗಳಲ್ಲಿ ಉದ್ದ ಅಗಲವನ್ನು ಕುಗ್ಗಿಸಿದಷ್ಟು ಆಳವನ್ನು ಕುಗ್ಗಿಸುವುದಿಲ್ಲ. ಕುಗ್ಗಿಸಿದರೆ ನೀರು ನೆಲಕ್ಕೆ ಅಂಟಿದಂತಾಗಿ ಹರಿಯುವುದೇ ಇಲ್ಲ. ಇದು ಮೇಸ್ತ್ರಿಗಳಿಗೆ ಸರಿಬರಲಿಲ್ಲ. ನಾನು ಕೊಟ್ಟ ಅಳತೆಗೆ ಕಟ್ಟಿ ಮುಗಿಸಿ, ಎದ್ದು ನಿಂತು, ತಲೆ ಓರೆ ಮಾಡಿ ನೋಡಿ, "ಸಾಬ್, ನೀವು ಕೆರೆ ಹೇಳಿದ್ರಿ, ನಾನು ಬಾವಿ ಕಟ್ಟಿದೀನಿ. ಮರ್ಜಿ ನಿಮ್ದು" ಎಂದರು.

ಮರಳಿಗೆ ಬದಲಾಗಿ ಇಟ್ಟಿಗೆ ಪುಡಿ ಹಾಕಿದೆವು. ನಯವಾದ ಹೂಳಿಗೆ ಬಡವನಹಳ್ಳಿಯ ಬಡಗಿಗಳ ಹತ್ತಿರ ಮರದ ಹೊಟ್ಟು ತರಿಸಿ, ವಾರ ನೆನೆಹಾಕಿ, ನೀರಿನೊಡನೆ ಬಿಟ್ಟೆವು. ಮುಕ್ಕಾಲು ಗಂಟೆಗೆ ಒಂದು ಮಳೆಗಾಲ. ಅದು ಮುಗಿದೊಡನೆ ಹೂಳು ಎಲ್ಲಿಯವರೆಗೆ ಬಂತೋ ಅಲ್ಲಿಗೆ ಗಾರೆಯ ಮೇಲೆ ಕಾವಿಯಲ್ಲಿ ಒಂದು ಗೆರೆ ಎಳೆದು ಮುಂದಿನ ಮಳೆಗಾಲ ಶುರು. ಚಹಾ ಕುಡಿದು ಬರುವಷ್ಟರಲ್ಲಿ ಒಂದು ವರ್ಷ ಹೋಗಿರುತ್ತಿತ್ತು.

ಮುಂದಿನದನ್ನು ಹೇಳುವ ಮಾದರಿ ಮೊದಲು ಹಿಂದಿನದನ್ನು ಸರಿಯಾಗಿ ಹೇಳಬೇಕು ಎಂದು ಅಳಿವೆಯ ಕಡೆ ನಮಗೆ ಕಲಿಸಿದ್ದರು. ಕಚೇರಿಯಲ್ಲಿ ಇಪ್ಪತ್ತು ವರ್ಷದ ಹಿಂದಿನ ಒಂದು ನಕ್ಷೆ ಇತ್ತು. ಅದರಂತೆ ತಳ ಮಾಡಿ ಇಪ್ಪತ್ತು ಮಳೆಗಾಲ ಓಡಿಸಿದೆ. ಹಳ್ಳದ ಬಾಯಲ್ಲಿ ಮರಳು ಚಾಚಿದ್ದು ಈಗಿನ ಕೆರೆಯಲ್ಲಿ ಇರುವಂತೆಯೇ ಬಂತು. ಖುಷಿಯಿಂದ ಮೇಸ್ತ್ರಿಗಳ ಬೆನ್ನು ತಟ್ಟಿಬಿಟ್ಟೆ. ಆದರೆ ತಗ್ಗಿನ ತೂಬಿನ ಮುಂದೆ ಮಾದರಿಯಲ್ಲಿ ಹೂಳು ತುಂಬಿಕೊಂಡಿತು, ನಿಜವಾದ ಕೆರೆಯಲ್ಲಿ ಅಲ್ಲೇ ಗುಂಡಿ. ಎರಡು ದಿನ ತಲೆ ಕೆರೆದುಕೊಂಡೆ. ಕೊನೆಗೆ ಆ ಹಳೆಯ ಸರ್ವೆಯವನು ಬಿಸಿಲಿಗೆ ಹೆದರಿ, ನೀರಿಗಿಳಿಯದೆ, ಮರದ ನೆರಳಲ್ಲಿ ಕೂತು ಆಳ ಬರೆದಿದ್ದಾನೆ ಎಂದು ತೀರ್ಪು ಕೊಟ್ಟೆ. ‘ತೂಬಿನ ಬಳಿಯ ಹಳೆಯ ಅಳತೆ ನಂಬತಕ್ಕದ್ದಲ್ಲ’ ಎಂದು ವರದಿಯಲ್ಲಿ ಒಂದು ಸಾಲು ಸೇರಿಸಿದೆ. ನನ್ನ ಗಾರೆಯ ಕೆರೆಯನ್ನು ನಾನು ಅಷ್ಟು ನಂಬಿದ್ದೆ.

ಪುಷ್ಯಮಾಸದಲ್ಲಿ ಒಂದು ಬೆಳಿಗ್ಗೆ, ಮುಂದಿನ ವರ್ಷಗಳನ್ನು ಓಡಿಸುತ್ತಿದ್ದಾಗ, ನೀರುಗಂಟಿ ಬಂದು ಹಿತ್ತಲ ಬಾಗಿಲಲ್ಲಿ ನಿಂತರು. ಹೊಳವನಹಳ್ಳಿಯಲ್ಲಿ ಬಸ್ಸು ಹತ್ತಿ, ಕೊರಟಗೆರೆಯಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಬಂದಿದ್ದರು. ಟವಲಿನಲ್ಲಿ ನನಗೆಂದು ಅವರೆಕಾಯಿ.

"ನಮ್ ಕೆರೆ ನಿಮ್ ಹಿತ್ಲಾಗೈತಂತೆ ಸೋಮಿ. ನೋಡ್ಕಂಡೋಗಾನ ಅಂತ ಬಂದೆ."

ಚಪ್ಪಲಿ ಆಚೆ ಬಿಟ್ಟು ಬಂದು ಏರಿಯ ಪಕ್ಕ ಕುಕ್ಕರಗಾಲಲ್ಲಿ ಕೂತರು. ಬೆರಳು ತೋರಿಸುತ್ತಾ, "ಇದು ಕೋಡಿ. ಇದು ಮೇಲಿನ ತೂಬು. ಇಗಾ, ನಮ್ ತೂಬು. ಇಲ್ಲೊಂದು ಹುಣಸೇಮರ ಇರ್ಬೇಕಲ್ಲ, ಮಡಗ್ನಿಲ್ವಾ?" ಎಂದರು. ಮೇಸ್ತ್ರಿಗಳು ಒಂದು ಕಡ್ಡಿ ತಂದು ಅವರು ತೋರಿಸಿದ ಕಡೆ ನೆಟ್ಟರು. ನಾನು ಗತ್ತಿನಿಂದ ನೀರು ಬಿಟ್ಟು ಒಂದು ಮಳೆಗಾಲ ತೋರಿಸಿದೆ, ಗೆರೆ ಎಳೆದೆ, ಇನ್ನೊಂದು ತೋರಿಸಿದೆ. ಅವರು ಕೂತಲ್ಲಿಂದ ಕದಲದೆ ನೋಡಿದರು. ನಾಲ್ಕನೆಯ ಗೆರೆ ಎಳೆಯುವಾಗ ಕೇಳಿದರು:

"ಒಂದು ಮಳೆಗಾಲ ಆತು. ಇನ್ನೊಂದು ಮಳೆಗಾಲ ಆತು. ಬ್ಯಾಸ್ಗೆ ಎಲ್ಲಿ ಮಡಗಿದ್ದೀರಿ ಸೋಮಿ?"

ನನಗೆ ನಗು ಬಂತು. "ಬೇಸಿಗೇಲಿ ನೀರೇ ಇರಲ್ಲ. ನೀರಿಲ್ಲದೆ ಹೂಳು ನಡ್ಕೊಂಡು ಬರುತ್ತೇನಯ್ಯಾ? ಅದಕ್ಕೇ ಬೇಸಿಗೆ ಬಿಟ್ಟಿದ್ದೀವಿ."

"ನಡ್ಕಂಡ್ ಬರಾಕಿಲ್ಲ, ದಿಟ. ಆದ್ರೆ ಓಗ್ತೈತಲ್ಲ ಸೋಮಿ..."

"ಎಲ್ಲಿಗೆ ಹೋಗುತ್ತೆ? ನೀರೇ ಇಲ್ಲ ಅಂದೆನಲ್ಲ!"

ನನ್ನ ದನಿ ಏರಿತ್ತು. ಅವರು ಆ ಮಾತನ್ನು ಅಲ್ಲಿಗೇ ಬಿಟ್ಟರು. ಬಂದ ವಿಷಯವನ್ನು ಆಮೇಲೆ ಮೆಲ್ಲಗೆ ತೆಗೆದರು.

"ತಗ್ಗಿನ ತೂಬು ಮುಚ್ತೀರಂತೆ. ದಿಟವಾ?"

"ಮೇಲಿನ ತೂಬು ಇದೆಯಲ್ಲ."

"ಅದರ ಕಾಲ್ವೆ ಬ್ಯಾರೆ ಕಡೀಕೆ ಓಯ್ತದೆ. ನಮ್ ಹನ್ನೆರಡು ಮನೆ ಗದ್ದೆ ಎಲ್ಲಾ ತಗ್ಗಿನ ತೂಬ್ನಾಗೇ ಉಣ್ಣಾದು. ಅದು ಮುಚ್ಚಿದ್ರೆ ನಾನು ಯಾವ ತೂಬು ಕಾಯ್ಲಿ?"

"ಇನ್ನು ಇಪ್ಪತ್ತು ವರ್ಷದೊಳಗೆ ಹೂಳು ತಾನಾಗೇ ಬಂದು ಮುಚ್ಚುತ್ತೆ, ನೋಡ್ತಾ ಇದೀಯಲ್ಲ. ಆಗ ಯಾವ ತೂಬು ಕಾಯ್ತೀಯ?"

ಅವರು ಕಾವಿಯ ಗೆರೆಗಳನ್ನು ಸ್ವಲ್ಪ ಹೊತ್ತು ನೋಡಿದರು. "ತುಂಬ್ಕಳಾದೇ ದಿಟ ಅಂದ್ರೆ ಯಾರೇನ್ ಮಾಡಾಕಾಯ್ತದೆ, ಬುಡಿ" ಎಂದು ಎದ್ದು, ಅವರೆಕಾಯಿಯನ್ನು ಜಗಲಿಯ ಮೇಲೆ ಸುರಿದು, ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೋದರು.

ಮೇಸ್ತ್ರಿಗಳು ಕರಣೆ ತೊಳೆಯುತ್ತಾ, "ಪಾಪ, ಅವರು ಏನೋ ಹೇಳಕ್ಕೆ ಹೊರಟಿದ್ರು ಸಾಬ್. ಹಸಿ ಗಾರೆ ಮೇಲೆ ಕೈ ಇಟ್ಟಂಗೆ ಮಾಡಿಬಿಟ್ರಿ" ಎಂದರು. ನಿಮ್ಮ ಕೆಲಸ ನೀವು ನೋಡಿ ಎಂದೆ. ಹದಿನೆಂಟನೆಯ ಗೆರೆ ತೂಬಿನ ಬಾಯನ್ನು ಮುಟ್ಟಿತು. ವರದಿ ಹೋಯಿತು, ಒಪ್ಪಿಗೆಯೂ ಬಂತು. ಮುಂದಿನ ಬೇಸಿಗೆಯಲ್ಲಿ ತಗ್ಗಿನ ತೂಬನ್ನು ಮುಚ್ಚಿದರು. ಮುಚ್ಚಿದ್ದು ಅದೇ ಮೇಸ್ತ್ರಿಗಳ ಕೈ. ಹನಿ ನೀರು ಜಿನುಗದ ಹಾಗೆ ಮುಚ್ಚಿದ್ದರಂತೆ. ಅಷ್ಟು ಹೊತ್ತಿಗೆ ನನಗೆ ಪಾವಗಡದ ಕಡೆಗೆ ವರ್ಗವಾಗಿತ್ತು.

ಪಾವಗಡದಲ್ಲಿ ಎರಡನೆಯ ಬೇಸಿಗೆ. ಒಂದು ಕೆರೆಯ ಏರಿಯ ಮೇಲೆ ಹೋಗುತ್ತಿದ್ದೆ. ಒಣಗಿದ ಕೆರೆಯಂಗಳದೊಳಗೆ ಇಪ್ಪತ್ತು ಮೂವತ್ತು ಗಾಡಿಗಳು. ಗುದ್ದಲಿಯಲ್ಲಿ ಕರಿಮಣ್ಣನ್ನು ಹೆಂಟೆ ಹೆಂಟೆಯಾಗಿ ಎಬ್ಬಿಸಿ ತುಂಬುತ್ತಿದ್ದರು. ಮಧುಗಿರಿಯ ರಸ್ತೆಯಲ್ಲಿ ನನಗೆ ಅಡ್ಡ ಬರುತ್ತಿದ್ದವಲ್ಲ, ಅದೇ ಮಣ್ಣು. ಗಾಡಿಯ ನೆರಳಲ್ಲಿ ಕೂತು ಮುದ್ದೆ ಉಣ್ಣುತ್ತಿದ್ದ ಮುದುಕಿಯೊಬ್ಬಳನ್ನು ಇದೇನಮ್ಮ ಎಂದು ಕೇಳಿದೆ. ಆ ಸೀಮೆಯ ಮಾತಿನಲ್ಲಿ ಅರ್ಧ ತೆಲುಗು.

"ಗೋಡು ಸಾಮೀ. ಚೆರುವು ಮಣ್ಣು. ಇದು ಹಾಕಿದ್ರೆ ಪೊಲಕ್ಕೆ ಬಲ. ಪ್ರತಿ ಬೇಸಿಗೇಲೂ ಎತ್ತುತೀವಲ್ಲ, ನೀವು ನೋಡಲಿಲ್ಲಾ ಏಮಿ?"

"ಕೆರೆಯಲ್ಲಿ ಎಲ್ಲಿ ತೆಗೀತೀರಿ?"

"ತೂಮು ಮುಂದೆ. ಅಲ್ಲಿ ಮಣ್ಣು ಬೆಣ್ಣೆ. ಆ ವಾಗಿನ ಕಡೆ ಏನಿದೆ? ಉತ್ತ ಇಸುಕ" ಎಂದು ಹಳ್ಳ ಬೀಳುವ ಕಡೆಯ ಮರಳಿನತ್ತ ಕೈ ಬೀಸಿದಳು.

ನಾನು ಏರಿಯ ಮೇಲೆ ಕೂತುಬಿಟ್ಟೆ. ಬೇಸಿಗೆಯಲ್ಲಿ ಹೂಳು ಬರುವುದಿಲ್ಲ, ಹೋಗುತ್ತದೆ. ಗಾಡಿಯಲ್ಲಿ ಹೋಗುತ್ತದೆ. ಊರು ಹುಟ್ಟಿದಾಗಿನಿಂದ ಹೋಗುತ್ತಿದೆ. ಕೆರೆಯ ತಳವನ್ನು ಮಳೆಗಾಲದಲ್ಲಿ ಹಳ್ಳ ತಿದ್ದುತ್ತದೆ, ಬೇಸಿಗೆಯಲ್ಲಿ ಗುದ್ದಲಿ ತಿದ್ದುತ್ತದೆ. ತೂಬಿನ ಮುಂದಿನ ಗುಂಡಿಯನ್ನು ತೋಡಿದ್ದು ಆ ಗುದ್ದಲಿಗಳು. ಹಳೆಯ ಸರ್ವೆಯವನು ಬಿಸಿಲಲ್ಲಿ ನಿಂತು ಸರಿಯಾಗಿಯೇ ಅಳೆದಿದ್ದ. ಎರಡು ಅಳತೆಯ ನಡುವೆ ಇಪ್ಪತ್ತು ಬೇಸಿಗೆ ಇದ್ದವು. ನನ್ನ ಹಿತ್ತಲಲ್ಲಿ ಒಂದೂ ಇರಲಿಲ್ಲ. ನೀರುಗಂಟಿ ಇದನ್ನು ಬಿಡಿಸಿ ಹೇಳಲಿಲ್ಲ, ಯಾಕೆಂದರೆ ಗೋಡು ಹೊಡೆಯುವುದು ಗೊತ್ತಿಲ್ಲದ ಮನುಷ್ಯನೊಬ್ಬ ಇರಬಹುದು ಎಂದು ಅವರಿಗೆ ತೋಚಿರಲಾರದು. ಹೇಳಲು ಹೊರಟಾಗ ನಾನು ಬಾಯಿ ಮುಚ್ಚಿಸಿದ್ದೆ.

ಎಂಜಿನಿಯರರಿಗೆ ನಾಲ್ಕು ಪುಟದ ಕಾಗದ ಬರೆದೆ. ತೂಬು ಮುಚ್ಚಿ ವರ್ಷವೇ ಆಗಿದೆ, ಮುಗಿದ ಫೈಲು, ಹೊಸ ಕೆಲಸದ ಕಡೆ ಗಮನ ಕೊಡಿ ಎಂದು ಎರಡು ಸಾಲಿನ ಉತ್ತರ ಬಂತು. ಅದನ್ನು ಟ್ರಂಕಿನ ತಳಕ್ಕೆ ಹಾಕಿದೆ. ಪಾವಗಡದಿಂದ ಆ ಕೆರೆಗೆ ಒಂದು ದಿನದ ದಾರಿ. ಐದು ವರ್ಷ ಅತ್ತ ತಲೆ ಹಾಕಲಿಲ್ಲ. ಪುರುಸೊತ್ತಿರಲಿಲ್ಲ ಎಂದು ಹೇಳಬಹುದು. ಧೈರ್ಯವಿರಲಿಲ್ಲ ಎನ್ನುವುದು ಸರಿ.

ಅರವತ್ತರ ದಶಕ ಅರ್ಧ ದಾಟಿದ ಮೇಲೆ ಹೊಸದಾಗಿ ಬಂದ ಎಂಜಿನಿಯರರೊಬ್ಬರು ನನ್ನ ವರದಿ ಓದಿ, ಆ ಕೆರೆಯನ್ನು ಮತ್ತೆ ಅಳೆಯಲು ನನ್ನನ್ನೇ ಕರೆಸಿದರು. ಏರಿಯ ಮೇಲೆ ನಿಂತು ಟೇಪು ಹಿಡಿಸಿದೆವು. ಮೇಲಿನ ತೂಬು ಬಿಡಬಹುದಾದಷ್ಟು ನೀರು ಹೋದ ಮೇಲೂ ಕೆರೆಯ ಮಧ್ಯೆ ಕೆಸರು ನೀರು ನಿಂತಿತ್ತು. ಹೂಳಿನ ಅಂಚು ಬಂದು ನಿಂತಿದ್ದ ಜಾಗವನ್ನು ನಕ್ಷೆಯಲ್ಲಿ ಗುರುತಿಸಿದಾಗ ಅದು ನನ್ನ ಏಳನೆಯ ಗೆರೆಯ ಮೇಲೆ ಬಿತ್ತು. ಅದು ಏಳನೆಯ ವರ್ಷ.

"ಕರಾರುವಾಕ್ಕು ಕಣ್ರೀ! ಹಿತ್ತಲಲ್ಲಿ ಕೂತು ಇದನ್ನ ಹೇಳಿದ್ರಲ್ರೀ!" ಎಂದು ಅವರು ನನ್ನ ಕೈ ಕುಲುಕಿದರು. ಮೊದಲು ಕೆರೆಯ ಕೊನೆಯ ನೀರನ್ನು ತಗ್ಗಿನ ತೂಬು ಹೊರಗೆ ಬಿಡುತ್ತಿತ್ತು, ಅಂಗಳ ಒಣಗುತ್ತಿತ್ತು, ಗಾಡಿ ಇಳಿಯುತ್ತಿತ್ತು. ತೂಬು ಮುಚ್ಚಿದ ಮೇಲೆ ತಳದ ಕೆಸರು ಆರುವುದೇ ಇಲ್ಲ, ಎತ್ತು ಇಳಿದರೆ ಹೊಟ್ಟೆಯವರೆಗೆ ಹೂತುಕೊಳ್ಳುತ್ತದೆ, ಗೋಡು ತೆಗೆಯುವುದು ನಿಂತುಹೋಗಿದೆ. ಬೇಸಿಗೆ ಇಲ್ಲದ ಕೆರೆಯನ್ನು ನಾನು ಹಿತ್ತಲಲ್ಲಿ ಕಟ್ಟಿದ್ದೆ; ಆಮೇಲೆ ನಿಜವಾದ ಕೆರೆಯ ಬೇಸಿಗೆಯನ್ನೂ ತೆಗೆದುಹಾಕಿಸಿದ್ದೆ. ಇಷ್ಟನ್ನೂ ಅವರಿಗೆ ಹೇಳಿದೆ. "ನಿಮ್ಮದು ಅತಿ ವಿನಯ" ಎಂದು ನಕ್ಕು ಜೀಪು ಹತ್ತಿದರು.

ನಾನು ಹತ್ತಲಿಲ್ಲ. ನೀರುಗಂಟಿಯ ಮನೆ ಕೇಳಿಕೊಂಡು ಹೋದೆ. ಅವರ ಮಾನ್ಯದ ಗದ್ದೆ ದಾರಿಯಲ್ಲೇ ಸಿಕ್ಕಿತು. ಬದುಗಳು ಹಾಗೇ ಇದ್ದವು, ಒಳಗೆ ಭತ್ತದ ಬದಲು ಹುರುಳಿ. ಅವರು ಮನೆಯಲ್ಲೇ ಇದ್ದರು. ಕೂದಲೆಲ್ಲ ಬೆಳ್ಳಗಾಗಿತ್ತು. "ಕೆರೆ ಕಟ್ಟಿದ್ ಸೋಮಿ ಬಂದವ್ರೆ" ಎಂದು ಒಳಗೆ ಕೂಗಿ ಹೇಳಿ, ಅಂಗಳದಲ್ಲಿದ್ದ ಒಂದು ದಪ್ಪ ಮರದ ಕೊರಡನ್ನು ಟವಲಿನಲ್ಲಿ ಒರೆಸಿ ಕೂರಿಸಿದರು.

"ಯಾವ ಮರ ಇದು, ಇಷ್ಟು ಗಟ್ಟಿ?" ಎಂದೆ, ಮಾತು ಶುರು ಮಾಡಲು.

"ಹೊನ್ನೆ ಸೋಮಿ. ತಗ್ಗಿನ ತೂಬಿನ ಬಾಯ್ಗೆ ಜಡೀತಿದ್ ಬಿರಡೆ. ನಮ್ ತಾತ ಮಾಡ್ಸಿದ್ದು. ತೂಬು ಮುಚ್ಚಿದ್ ಮ್ಯಾಲೆ ಸುಮ್ಕೆ ಬಿದ್ದಿತ್ತು, ಕೂರಾಕಾಯ್ತದೆ ಅಂತ ತಂದ್ಬುಟ್ಟೆ."

ಏಳಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಹೇಳಬೇಕೆಂದು ಬಂದದ್ದನ್ನು ಒಂದೇ ಉಸಿರಿಗೆ ಹೇಳಿದೆ. "ನನ್ನ ಲೆಕ್ಕ ತಪ್ಪಾಗಿತ್ತು. ಬೇಸಿಗೆ ಎಲ್ಲಿ ಅಂತ ನೀವು ಅವತ್ತು ಕೇಳಿದ್ರಲ್ಲ, ನೀವು ಕೇಳಿದ್ದೇ ಸರಿ." ನನ್ನ ಬಾಯಲ್ಲಿ ಅವರಿಗೆ ‘ನೀವು’ ಬಂದದ್ದು ಅದೇ ಮೊದಲು.

"ತಪ್ಪೆಲ್ಲಿ ಬಂತು ಸೋಮಿ? ನೀವು ಯೋಳ್ದಂಗೇ ತುಂಬ್ಕಂತಲ್ಲ. ಊರಾಗೆ ಜನ ನಿಮ್ನ ಬೈಯೋರು. ನಾನೇ ಯೋಳ್ದೆ, ಆ ಸೋಮಿ ಹಿತ್ಲಾಗೆ ನಾನು ಕಣ್ಣಾರೆ ಕಂಡಿವ್ನಿ, ಅದು ತುಂಬ್ಕಳಾ ಕೆರೆಯೇ, ಯಾರ್ ತಡೆಯಾಕಾಯ್ತದೆ ಅಂತ."

ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ನಿಲ್ಲಿಸಲಿಲ್ಲ. ನೆಲದ ಮೇಲೆ ಕಡ್ಡಿಯಲ್ಲಿ ಕೆರೆ ಗೀಚಿ ಎಲ್ಲವನ್ನೂ ಬಿಡಿಸಿ ಹೇಳಿದೆ: ಗಾಡಿ, ಗೋಡು, ಆರದ ಕೆಸರು. ಅವರು ಅಂದು ಹಿತ್ತಲಲ್ಲಿ ಕೂತ ಹಾಗೆಯೇ ಕುಕ್ಕರಗಾಲಲ್ಲಿ ಕೂತು ಕೇಳಿದರು.

"ಅಂಗಾದ್ರೆ," ಎಂದರು ಕೊನೆಗೆ, "ತೂಬು ಮುಚ್ಚದೇ ಇದ್ದಿದ್ರೆ?"

"ತುಂಬ್ತಿರಲಿಲ್ಲ."

ಅವರು ನೆಲದ ಮೇಲಿನ ಗೀಚನ್ನೇ ನೋಡುತ್ತಿದ್ದರು. ಏಳು ವರ್ಷ ಯಾರನ್ನೂ ದೂರದೆ ಅವರು ನುಂಗಿಕೊಂಡಿದ್ದರು. ಆ ಸಮಾಧಾನವನ್ನೂ ನಾನೇ ಬಂದು ಕಿತ್ತುಕೊಂಡೆ ಎಂದು ಆಗ ತಿಳಿಯಿತು.

"ಯೋಳ್ದೇ ಇದ್ದಿದ್ರೆ ಸಂದಾಗಿತ್ತು ಸೋಮಿ" ಎಂದರು. ಕೋಪವಿರಲಿಲ್ಲ. ಎದ್ದು ನಿಂತು, "ಒಸಿ ಏಳಿ" ಎಂದರು.

ಎದ್ದೆ. ಅವರು ಬಿರಡೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಒಳಗೆ ಹೋದರು. ಬರುವಾಗ ಒಂದು ಚಾಪೆ ತಂದು, ನನಗೆ ಕೂರಲು ಹಾಸಿದರು.